ಮ್ಲಾಕಾದ ನೀರು

ರೋಬ್ನಿಕ್ ಮನೆ
9 ಏಪ್ರಿಲ್ 1922, ಗರಿಗಳ ಭಾನುವಾರ

ತಂಗಿ ನೇಜಾ,

ಬೆಳಿಗ್ಗೆ ಎದ್ದು ಕೊಶೂತಾ ಬೆಟ್ಟದ ಏಣು ಹತ್ತಿ ಇಳಿದರೆ ಏಳು ತಾಸಿಗೆ ನಿನ್ನ ಅಡುಗೆಮನೆ. ಈ ಕಾಗದ ಮಾತ್ರ ಲ್ಯೂಬ್ಲ್ಯಾನಾಗೆ ಹೋಗಿ, ಅಲ್ಲಿಂದ ಮಾರಿಬೋರಿಗೆ ಹೋಗಿ, ಬೆಟ್ಟದ ಸಾಲನ್ನೆಲ್ಲ ಸುತ್ತು ಹಾಕಿ, ಎರಡು ದೇಶದ ಗುಮಾಸ್ತರು ಒಡೆದು ಮೂಸಿ ನೋಡಿ, ಹದಿನಾರು ದಿನಕ್ಕೆ ನಿನ್ನ ಕೈ ಸೇರುತ್ತೆ. ಮೂಸೋರಿಗೆ ಒಂದು ಮಾತು: ಇದರಲ್ಲಿ ಸಗಣಿ ವಾಸನೆ ಬಿಟ್ಟು ಬೇರೇನಿಲ್ಲ, ಮುಚ್ಚಿ ಕಳಿಸಿ.

ಇವತ್ತು ಪೂಜೆ ಮುಗಿದ ಮೇಲೆ ಪಾದ್ರಿಗಳು ಒಂದು ಸರ್ಕಾರಿ ಕಾಗದ ಓದಿದರು. ಹೊಸ ಗಡಿ ಎಲ್ಲಿ ಹಾಯಬೇಕು ಅಂತ ದೂರದೂರಲ್ಲಿ ಕೂತ ದೊಡ್ಡವರು ತೀರ್ಮಾನ ಮಾಡಿದ್ದಾರಂತೆ. ಮಳೆ ಬಿದ್ದ ನೀರು ಬಡಗಲಿಗೆ ಹರಿದು ದ್ರಾವಾ ಹೊಳೆ ಸೇರಿದರೆ ಆ ನೆಲ ನಿಮ್ಮ ಆಸ್ಟ್ರಿಯಾದ್ದು. ತೆಂಕಲಿಗೆ ಹರಿದು ಸಾವಾ ಸೇರಿದರೆ ನಮ್ಮ ರಾಜನದ್ದು. ಜುಲೈನಲ್ಲಿ ಕಮಿಷನ್‌ನವರು ದುರ್ಬೀನು ತಗೊಂಡು ಏಣಿನ ಉದ್ದಕ್ಕೂ ಬಂದು ನೀರು ನೋಡಿ ಕಲ್ಲು ನೆಡ್ತಾರೆ.

ಓದಿದ್ದು ಕೇಳಿ ಎಲ್ಲರೂ ತಲೆ ಆಡಿಸಿದರು. ನಾನೊಬ್ಬ ಆಡಿಸಲಿಲ್ಲ. ಯಾಕೆ ಅಂತ ನಿನಗೆ ಗೊತ್ತು.

ನಮ್ಮ ಮ್ಲಾಕಾ ಗೋಮಾಳ ಕೂತಿರೋದು ಏಣು ತಗ್ಗಿದ ಕಂಡಿಯ ಮೇಲೇ. ಅಲ್ಲಿ ನೆಲದಿಂದ ಉಕ್ಕೋ ಊಟೆ ನೀರು ಹುಟ್ಟಿನಿಂದ ತೆಂಕಲಿಗೆ ಹರೀತಿತ್ತು. ಎಂಬತ್ತೆಂಟರಲ್ಲಿ ನೀನು ಲೆನಾರ್ತನ್ನ ಕಟ್ಟಿಕೊಂಡು ಏಣಿನ ಆಚೆ ಹೋದಾಗ ಅಪ್ಪನ ಹತ್ತಿರ ಕೊಡೋಕೆ ಬೇರೇನಿರಲಿಲ್ಲ. "ಅಲ್ಲಿ ಬರೀ ಸುಣ್ಣದ ಬಂಡೆ, ನನ್ನ ಮಗಳ ದನ ಏನು ಕಲ್ಲು ನೆಕ್ಕಬೇಕಾ?" ಅಂದ. ನಾನೂ ಅವನೂ ಹನ್ನೊಂದು ದಿನ ಕಂಡಿ ಅಗೆದು, ಲಾರ್ಚ್ ಮರ ಟೊಳ್ಳು ಮಾಡಿ ದಂಬೆ ಜೋಡಿಸಿ, ಊಟೆಯನ್ನ ನಿನ್ನ ಕಡೆ ತಿರುಗಿಸಿದ್ವಿ. ನಮ್ಮ ದನಕ್ಕೆ ಅಲ್ಲೇ ಒಂದು ಬಾನಿ, ಮಿಕ್ಕಿದ್ದೆಲ್ಲ ನಿನಗೆ. ಬೇರೆ ಹೆಣ್ಣುಮಕ್ಕಳು ತವರಿಂದ ಹಾಸಿಗೆ ಪೆಟ್ಟಿಗೆ ಒಯ್ದರು, ನೀನು ನೀರು ಒಯ್ದೆ. ಮೂವತ್ತನಾಲ್ಕು ವರ್ಷದಲ್ಲಿ ದಂಬೆ ಕೊಳೆತು, ನೀರು ತಾನೇ ಹಾದಿ ಕೊರಕೊಂಡು, ಈಗ ನೋಡಿದವರಿಗೆ ದೇವರೇ ಮಾಡಿದ ಹಳ್ಳದ ಹಾಗೆ ಕಾಣುತ್ತೆ.

ಕಮಿಷನ್‌ನವರು ಬರ್ತಾರೆ, ನೋಡ್ತಾರೆ, "ನೀರು ಬಡಗಲಿಗೆ" ಅಂತ ಬರಕೋತಾರೆ. ಮ್ಲಾಕಾ ಪೂರಾ ಹೋಗುತ್ತೆ. ನನ್ನ ಹದಿನಾರು ದನಕ್ಕೆ ಬೇರೆ ಮೇವಿಲ್ಲ. ನನ್ನ ಮಗ ತಿನೆ ಸೋಚಾ ಹೊಳೆ ಯುದ್ಧದಲ್ಲಿ ಮಣ್ಣಾದ, ಮನೇಲಿ ಸೊಸೆ ಪೊಲೋನಾ, ಎರಡು ಹೆಣ್ಣುಕೂಸು, ಅರವತ್ತಾರು ವರ್ಷದ ನಾನು. ದನ ಹೋದರೆ ಮನೆ ಹೋಯ್ತು.

ಅದಕ್ಕೆ ನಿನ್ನ ಗಂಡ ಬಂದು ಕಮಿಷನ್ ಮುಂದೆ ನಿಂತು, "ಇದು ಕೈಯಿಂದ ತೋಡಿದ ಕಾಲುವೆ, ನನ್ನ ಮಾವ ತೋಡಿದ್ದು" ಅಂತ ಒಂದು ಮಾತು ಹೇಳಲಿ. ನಾನು ಹೇಳಿದರೆ ನಂಬಲ್ಲ, ನಂದು ಸ್ವಾರ್ಥ. ಆ ಕಡೆಯವನು ಹೇಳಿದರೆ ನಂಬ್ತಾರೆ. ಯಾವ ದೇಶ ಬೇಕು ಅಂತ ಊರಿಗೂರೇ ಚೀಟಿ ಹಾಕಿದಾಗ ಹಸಿರು ಚೀಟಿ ಹಾಕಿ ಆಸ್ಟ್ರಿಯಾ ಬೇಕು ಅಂದ ದೊಡ್ಡ ಮನುಷ್ಯ ಅಲ್ಲವಾ ಅವನು, ಅವನ ಮಾತಿಗೆ ಅಲ್ಲಿ ಬೆಲೆ ಇರುತ್ತೆ.

ಬೇಗ ಬರಿ.

ನಿನ್ನಣ್ಣ ಓಜ್ಬಾಲ್ಟ್

~

ಲಾಜೆ
2 ಮೇ 1922

ಅಣ್ಣಾ,

ಯೇಸುವಿಗೆ ಸ್ತೋತ್ರ. ನೀನು ಅದನ್ನ ಬರೆಯೋದು ಬಿಟ್ಟು ವರ್ಷವಾಯ್ತು, ನಿನ್ನ ಪಾಲಿನದೂ ನಾನೇ ಬರೀತೀನಿ.

ನಿನ್ನ ಕಾಗದ ಏಳು ದಿನದಿಂದ ಏಪ್ರನ್ ಜೇಬಲ್ಲೇ ಇದೆ. ಇಲ್ಲಿ ಹಿಮ ಇನ್ನೂ ಕರಗಿಲ್ಲ. ಬೂದು ಹಸು ಕರು ಹಾಕಿದೆ, ಹೆಣ್ಣುಗರು. ಪೊಲೋನಾ ಮಕ್ಕಳಿಗೆ ಕಾಲುಚೀಲ ಹೆಣೆದಿಟ್ಟಿದ್ದೀನಿ, ಯಾರ ಕೈಲಿ ಕಳಿಸಲಿ ಗೊತ್ತಿಲ್ಲ.

ಅವರಿಗೆ ಬರೋಕಾಗಲ್ಲ ಅಣ್ಣಾ. ಮೈ ನೆಟ್ಟಗಿಲ್ಲ. ಬೆಟ್ಟ ಹತ್ತೋ ಸ್ಥಿತಿಯಲ್ಲಿ ಇಲ್ಲ. ಅದಕ್ಕಿಂತ ಹೆಚ್ಚು ಕೇಳಬೇಡ.

ಮಗ ಹಾಂಜೆಗೆ ಹೇಳೋಣ ಅಂದ್ರೆ, ಅವನನ್ನ ಈ ಕಡೆಯವರು ಕಮಿಷನ್‌ಗೆ ದಾರಿ ತೋರಿಸೋಕೆ ಗೊತ್ತು ಮಾಡಿಕೊಂಡಿದ್ದಾರೆ. ನಿನ್ನ ಕಾಗದದ ವಿಷಯ ಎತ್ತಿದೆ. "ಅಮ್ಮಾ, ನಾನು ಹುಟ್ಟಿದಾಗಿನಿಂದ ಆ ನೀರು ನಮ್ಮ ಕಡೆಗೇ ಬರ್ತಿದೆ. ಅಜ್ಜ ತೋಡಿದ್ದು ಅಂತ ಹೇಳಿ ನಮ್ಮ ಹನ್ನೊಂದು ದನಾನ ನಾನೇ ಸಾಯಿಸಲಾ?" ಅಂದ. ಅವನ ಮಾತು ಸುಳ್ಳಲ್ಲ. ಮೇಲಿನ ನಮ್ಮ ಹುಲ್ಲಿಗೆ ಆ ನೀರು ಬಿಟ್ಟರೆ ಒಂದು ಹನಿ ಇಲ್ಲ, ನಿನಗೂ ಗೊತ್ತು.

ಅಣ್ಣಾ, ನೀನು ಸುಮ್ಮನಿರು. ನಿನ್ನ ಕೈ ನಿನ್ನ ಬುದ್ಧಿಗಿಂತ ಮುಂಚೆ ಓಡುತ್ತೆ. ಕಮಿಷನ್‌ನವರೂ ಮನುಷ್ಯರೇ ಅಲ್ಲವಾ, ಕೂತು ಹೇಳಿದರೆ ಕೇಳ್ತಾರೆ.

ನೇಜಾ

~

ರೋಬ್ನಿಕ್ ಮನೆ
28 ಮೇ 1922

ನೇಜಾ,

ಮೈ ನೆಟ್ಟಗಿಲ್ಲವಂತೆ! ಚೀಟಿ ಹಾಕೋ ದಿನ ಮೂರು ತಾಸು ನಡೆದುಹೋಗಿ ಹಾಕಿ ಬಂದನಲ್ಲ, ಆವತ್ತು ನೆಟ್ಟಗಿತ್ತಾ? ಬೆಂಕಿ ಮುಂದೆ ಕೂತು ಪೈಪು ಸೇದ್ತಾ "ನೀನೇ ಏನಾದ್ರೂ ಬರೆದು ತಪ್ಪಿಸು" ಅಂದಿರ್ತಾನೆ, ನೀನು ಬರೆದೆ. ಅವನಿಗೆ ಓದಿ ಹೇಳು: ಅವನ ದನ ಮೂವತ್ತನಾಲ್ಕು ವರ್ಷ ಕುಡಿದದ್ದು ನನ್ನ ರಟ್ಟೆಯ ಬೆವರು. ಒಂದು ಮಾತು ಆಡೋಕೆ ಆಗದವನು ನಾಲಿಗೆ ಇಟ್ಟುಕೊಂಡು ಏನು ಮಾಡ್ತಾನೆ, ನಾಯಿಗೆ ಹಾಕು ಅನ್ನು.

ಕೂತು ಹೇಳಿದರೆ ಕೇಳ್ತಾರೆ ಅಂತೀಯ. ಮೇಷ್ಟ್ರ ಹತ್ತಿರ ಹೋಗಿದ್ದೆ. ಗೋಡೆಗೆ ದೊಡ್ಡ ನಕಾಶೆ ತೂಗುಹಾಕಿದ್ದಾನೆ. ಕಡ್ಡಿಯಲ್ಲಿ ತೋರಿಸಿದ. "ನೋಡಿ ಓಜ್ಬಾಲ್ಟರೇ, ಇದು ದ್ರಾವಾ, ಇದು ಸಾವಾ. ಎರಡೂ ಕೊನೆಗೆ ದೊನಾವು ನದಿಗೆ ಹೋಗಿ ಸೇರುತ್ತವೆ."

"ಎರಡೂ ಒಂದೇ ಕಡೆ ಸೇರೋದಾದ್ರೆ ಇಲ್ಲಿ ಯಾಕೆ ಪಾಲು ಮಾಡ್ತೀರಿ?" ಅಂದೆ.

"ಅದು ಶಾಸ್ತ್ರ."

"ನಿಮ್ಮ ಶಾಸ್ತ್ರಕ್ಕೆ ಹಾಲು ಕರೆಯೋಕೆ ಬರುತ್ತಾ?"

ನಾನು ಮೂರನೇ ಇಯತ್ತೆಗೆ ಸ್ಲೇಟು ಬಿಸಾಕಿದೋನು ಅಂತ ಅವನಿಗೆ ಗೊತ್ತು. ಹಲ್ಲು ಕಿರಿದು, "ಅರ್ಜಿ ಬರೆದುಕೊಡ್ತೀನಿ" ಅಂದ. ಬರೆದ. ಅರ್ಜಿ ಹೋಯ್ತು. ಉತ್ತರ ಬಂತು: ನೈಸರ್ಗಿಕ ಜಲಸ್ಥಿತಿಯನ್ನು ಸ್ಥಳದಲ್ಲಿಯೇ ಪರಿಶೀಲಿಸಲಾಗುವುದು. ಸ್ಥಳದಲ್ಲಿ ಏನು ಕಾಣುತ್ತೆ? ನಾನೇ ತೋಡಿದ ಹಳ್ಳ. ನಾನೇ ನೈಸರ್ಗಿಕ.

ಜೂನ್ ಮೊದಲ ವಾರ ದನ ಹೊಡಕೊಂಡು ಮೇಲೆ ಹೋಗ್ತೀನಿ. ಮಾಡೋದು ಮಾಡ್ತೀನಿ.

ಓಜ್ಬಾಲ್ಟ್

~

ಮ್ಲಾಕಾ ಗುಡಿಸಲು
14 ಜೂನ್ 1922

ತಂಗಿ,

ಚೆನ್ನಾಗಿದ್ದೀಯಾ? ಇಲ್ಲಿ ಹುಲ್ಲು ಈ ವರ್ಷ ಒಳ್ಳೇದಿದೆ. ಪೊಲೋನಾ ಗಿಣ್ಣು ಮಾಡೋದು ಕಲಿತಿದ್ದಾಳೆ. ದೊಡ್ಡ ಹುಡುಗಿಗೆ ಮುಂದಿನ ಹಲ್ಲು ಬಿತ್ತು.

ನಿಮ್ಮ ಕಡೆ ಮಳೆ ಹೇಗೆ? ಬಂತಾ? ಹನ್ನೊಂದು ದನಾನೂ ಮೇಲೇ ಇವೆಯಾ ಅಥವಾ ಕೆಲವನ್ನ ಕೆಳಗೆ ಇಟ್ಟುಕೊಂಡಿದ್ದೀರಾ? ಸುಮ್ಮನೆ ಕೇಳಿದೆ.

ಹೋದ ಕಾಗದದಲ್ಲಿ ಭಾವನಿಗೆ ನಾಲ್ಕು ಮಾತು ಹೆಚ್ಚು ಅಂದೆ. ಬಿಸಿಯಲ್ಲಿ ಬರೆದದ್ದು. ಓದಿ ಹೇಳಿರದಿದ್ದರೆ ಹೇಳಬೇಡ.

ಅಣ್ಣ

~

ಲಾಜೆ
24 ಜೂನ್ 1922, ಸಂತ ಯೊವಾನ್ನರ ಹಬ್ಬ

ಅಣ್ಣಾ,

ನೀರು ನಿಂತುಹೋಗಿದೆ.

ಒಂಬತ್ತನೇ ತಾರೀಕು ಮಧ್ಯಾಹ್ನದಿಂದ ಸಣ್ಣಗಾಯ್ತು, ಸಂಜೆಗೆ ಹನಿ, ಮಾರನೇ ದಿನ ಅದೂ ಇಲ್ಲ. ದನಗಳು ಬಾನಿ ಸುತ್ತ ನಿಂತು ಕಲ್ಲು ಮೂಸ್ತಾವೆ, ಹೊಡೆದರೂ ಕದಲಲ್ಲ. ಹಾಂಜೆ ಕಂಡಿಗೆ ಹೋಗಿ ನೋಡೋಕೆ ಹೊರಟ, ನಿಮ್ಮ ಪಹರೆಯವರು ಬಂದೂಕು ಎತ್ತಿ ವಾಪಸು ಕಳಿಸಿದರು. ನಾವು ದಿನಾ ಕೆಳಗಿಂದ ಬೆನ್ನ ಮೇಲೆ ನೀರು ಹೊತ್ತು ಹಾಕ್ತಿದ್ದೀವಿ. ಹನ್ನೊಂದು ದನಕ್ಕೆ ಇಬ್ಬರ ಬೆನ್ನು ಎಷ್ಟು ಸಾಕು? ಎಳೇಗರು ಸತ್ತಿತು.

ಹಿಮ ಜಾರಿ ಹಳ್ಳಕ್ಕೆ ಮಣ್ಣು ಬಿದ್ದಿರಬೇಕು. ನೀನು ಅಲ್ಲೇ ಇದ್ದೀಯಲ್ಲ ಅಣ್ಣಾ, ಸ್ವಲ್ಪ ಹೋಗಿ ನೋಡು. ನಿನ್ನ ಗುಡಿಸಲಿಂದ ಇನ್ನೂರು ಹೆಜ್ಜೆ. ನಿನ್ನನ್ನ ಬಿಟ್ಟು ಇನ್ಯಾರಿಗೆ ಹೇಳಲಿ?

ಇನ್ನೊಂದು ಮಾತು. ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಹಾಂಜೆಯ ಅಪ್ಪ ಫೆಬ್ರವರಿ ಹನ್ನೆರಡಕ್ಕೆ ತೀರಿಕೊಂಡರು. ಎದೆಯಲ್ಲಿ ಕಫ ಕಟ್ಟಿ ಒಂಬತ್ತು ದಿನ ಮಲಗಿದ್ದರು, ಅಷ್ಟೇ. ನೀನು ಜನವರಿಯಲ್ಲಿ ಬರೆದಿದ್ದೆ, "ಹಸಿರು ಚೀಟಿ ಹಾಕಿದ ಕೈ ಸತ್ತು ಹೋಗಲಿ" ಅಂತ. ಆ ಕಾಗದ ಬಂದಾಗ ಅವರನ್ನ ಹಲಗೆ ಮೇಲೆ ಮಲಗಿಸಿ, ಕೈ ಜೋಡಿಸಿ, ಜಪಸರ ಸುತ್ತಿದ್ದೆ. ಅಂಚೆಯವನು ಟೋಪಿ ತೆಗೆದು ಕಾಗದ ಕೊಟ್ಟ. ಓದಿದೆ. ಅದಾದ ಮೇಲೆ ನಿನಗೆ ಏನಂತ ಬರೀಲಿ? ನಿನ್ನ ಶಾಪ ತಟ್ಟಿತು ಅಂತ ಬರೀಲಾ?

ನಾನು ಬಲ್ಲೆ, ನೀನು ಬಾಯಲ್ಲಿ ಅಷ್ಟೆ. ಅವರೂ ಹಾಗೇ ಅಂತಿದ್ದರು. "ನಿನ್ನಣ್ಣ ಬೊಗಳೋ ನಾಯಿ ಕಣೇ, ನನ್ನ ಮೊಣಕಾಲು ನೋವು ಅಂದರೆ ಮೊದಲು ಓಡಿ ಬರೋನೂ ಅವನೇ."

ನೀರು ನೋಡು ಅಣ್ಣಾ.

ನೇಜಾ

~

ಮ್ಲಾಕಾ ಗುಡಿಸಲು
12 ಜುಲೈ 1922

ನೇಜಾ,

ಮೂರು ಸಲ ಶುರು ಮಾಡಿ ಮೂರು ಹಾಳೆ ಒಲೆಗೆ ಹಾಕಿದೆ.

ಹಿಮ ಜಾರಿಲ್ಲ. ನಾನೇ ಕಟ್ಟಿದ್ದು. ಜೂನ್ ಒಂಬತ್ತಕ್ಕೆ, ಕಲ್ಲು ಪೇರಿಸಿ, ಹುಲ್ಲುಹೆಂಟೆ ಕೊಯ್ದು ಒತ್ತಿ. ಕಮಿಷನ್ ಬಂದು ಹೋಗೋವರೆಗೆ, ಬರೀ ಒಂದೂವರೆ ತಿಂಗಳು, ಆಮೇಲೆ ನಾನೇ ಬಿಚ್ಚಿಬಿಡೋದು ಅಂದುಕೊಂಡೆ. ಒಂದೂವರೆ ತಿಂಗಳು ನೀನು ಹೇಗೋ ತಡಕೋತೀಯ ಅಂದುಕೊಂಡೆ. ಅದಕ್ಕೇ ಮಳೆ ಕೇಳಿದ್ದು.

ತೆಂಕಲ ಹಳೇ ಹಾದಿ ಪೂರಾ ಕೆರೆದು ಇಟ್ಟಿದ್ದೆ. ನೀರು ಏರ್ತಾ ಬಂತು. ಸಣ್ಣ ಕೆರೆ ಹಾಗೆ ತುಂಬಿತು. ಇನ್ನು ನಾಲ್ಕು ಬೆರಳು ಏರಿದರೆ ನಮ್ಮ ಕಡೆ ಇಳೀಬೇಕು. ನಾನೂ ಪೊಲೋನಾನೂ ನೋಡ್ತಾ ನಿಂತಿದ್ವಿ. ಆಗ ಹಸು ಕೆಸರಿಂದ ಕಾಲು ಕಿತ್ತ ಹಾಗೆ ಒಂದು ಸದ್ದು. ಕೆರೆ ನಡುವೆ ಸುಳಿ ಎದ್ದಿತು. ಹತ್ತು ಎಣಿಸೋದರೊಳಗೆ ನೀರೆಲ್ಲ ನೆಲದೊಳಕ್ಕೆ. ಒಂದು ಬಿಲ, ಒಬ್ಬ ಮನುಷ್ಯ ಇಳಿಯೋಷ್ಟು. ಈ ಬೆಟ್ಟ ಒಳಗೆಲ್ಲ ಹುಳು ತಿಂದ ಗಿಣ್ಣಿನ ಹಾಗೆ ಟೊಳ್ಳು ಅಂತ ಅಪ್ಪ ಹೇಳ್ತಿದ್ದ. ಮೂವತ್ತನಾಲ್ಕು ವರ್ಷ ಮೇಲೆ ಮೇಲೆ ಹರಿದ ನೀರನ್ನ ನಾನು ನಿಲ್ಲಿಸಿ, ಭಾರ ಹೇರಿ, ಅದರ ಬಾಯಿ ಒಡೆದೆ.

ಹೆದರಿ ಕಟ್ಟಿದ್ದನ್ನೆಲ್ಲ ಕಿತ್ತು ಬಿಸಾಕಿದೆ. ಬರಲಿಲ್ಲ. ಊಟೆ ಹುಟ್ಟುತ್ತೆ, ದನದ ಬಾಯಿಗೆ ಎಟುಕದ ಬಂಡೆ ಸಂದಿಯಲ್ಲಿ ಆರು ಮಾರು ಹರಿಯುತ್ತೆ, ಬಿಲಕ್ಕೆ ಬೀಳುತ್ತೆ. ನಿನಗೂ ಇಲ್ಲ, ನನಗೂ ಇಲ್ಲ. ನನ್ನ ಬಾನಿಯೂ ಒಣಗಿತು, ಚೊಂಬಲ್ಲಿ ಮೊಗೆದು ಹಾಕಿದ್ದು ಹದಿನಾರು ದನಕ್ಕೆ ಸಾಲಲ್ಲ. ನನ್ನ ದನವೂ ಬಿಲದ ಸುತ್ತ ನಿಂತು ಕೆಳಗಿನ ಸದ್ದು ಕೇಳ್ತಾವೆ.

ಲೆನಾರ್ತನ ವಿಷಯ. ಸತ್ತವನ ನಾಲಿಗೆಯನ್ನ ನಾಯಿಗೆ ಹಾಕು ಅಂದವನು ನಾನು. ಅವನು ನನಗಿಂತ ಒಳ್ಳೇ ಮನುಷ್ಯ. ಪೂಜೆಗೆ ಹೇಳಿದ್ದೀನಿ. ಸಾಲದು ಅಂತ ಗೊತ್ತು.

ಬಯ್ಯಿ. ಬಯ್ದು ಬರಿ.

ಓಜ್ಬಾಲ್ಟ್

~

ರೋಬ್ನಿಕ್ ಮನೆ
27 ಜುಲೈ 1922

ನೇಜಾ,

ನಿನ್ನಿಂದ ಮಾತಿಲ್ಲ. ಆ ಕಾಗದ ಇನ್ನೂ ಮುಟ್ಟಿಲ್ಲವೋ, ಮುಟ್ಟಿ ಸುಮ್ಮನಿದ್ದೀಯೋ.

ಮೊನ್ನೆ, ಇಪ್ಪತ್ತೈದಕ್ಕೆ, ಕಮಿಷನ್ ಬಂದಿತ್ತು. ನಮ್ಮವನೊಬ್ಬ, ನಿಮ್ಮವನೊಬ್ಬ, ಇಬ್ಬರನ್ನೂ ನಂಬದ ಮೂರನೇ ದೇಶದ ಇಂಜಿನಿಯರೊಬ್ಬ. ಜೊತೆಗೆ ಹಾಂಜೆ. ಎಷ್ಟು ಎತ್ತರ ಬೆಳೆದಿದ್ದಾನೆ. ಥೇಟ್ ಅವನಪ್ಪನ ಕುತ್ತಿಗೆ.

"ಮಾವಾ, ನೀರೆಲ್ಲಿ?" ಅಂದ. ಅಷ್ಟೇ ಮಾತು.

"ಬೆಟ್ಟ ಕುಡೀತು" ಅಂದೆ.

ಹಳ್ಳದ ದಂಡೆಯಲ್ಲಿ ನಾನು ಹೆಂಟೆ ಕೊಯ್ದ ಗುರುತು ಇನ್ನೂ ಇತ್ತು, ಸಲಿಕೆ ಬಾಯಿಯಷ್ಟಗಲ, ಚೌಕ ಚೌಕ. ಅವನು ಅದನ್ನ ಬೂಟಿನ ತುದಿಯಿಂದ ಮುಟ್ಟಿ ನೋಡಿದ. ನನ್ನ ಮುಖ ನೋಡಿದ. ಉಗಿದ. ಆದರೆ ಇಂಜಿನಿಯರಿಗೆ ಏನೂ ಹೇಳಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಇಂಜಿನಿಯರು ಬಿಲದ ಬಾಯಲ್ಲಿ ಬೋರಲು ಮಲಗಿ ಕಿವಿಯಿಟ್ಟು ಕೇಳಿದ. ಆಮೇಲೆ ಡಬ್ಬಿ ತೆಗೆದು ಕೆಂಪು ಪುಡಿ ಸುರಿದ. ನೀರಿಗೆ ಬಿದ್ದದ್ದೇ ತಡ ಗಿಣಿಹಸಿರು ಆಯ್ತು. ಆ ಬಣ್ಣ ಬೆಟ್ಟದೊಳಗೆ ಹಾದು ಯಾವ ಕಡೆಯ ಊಟೆಯಲ್ಲಿ ಮೇಲೆ ಬರುತ್ತೋ ಮ್ಲಾಕಾ ಆ ದೇಶದ್ದು. ಎರಡೂ ಕಡೆ ದೊಡ್ಡ ಊಟೆ ಏಳು ಇವೆ, ಏಳಕ್ಕೂ ಕಾವಲು ಹಾಕಿದ್ದಾರೆ. ಹತ್ತು ದಿನದಲ್ಲಿ ಎಲ್ಲೂ ಬರದಿದ್ದರೆ ಬಣ್ಣದ ಲೆಕ್ಕ ಬಿಟ್ಟು ಬಂಡೆ ಏಣಿನ ಮೇಲೇ ಗೆರೆ. ಹಾಗಾದರೆ ಮ್ಲಾಕಾ ನಮಗೆ ಉಳಿಯುತ್ತೆ.

"ಸಾಹೇಬ್ರೇ, ಎರಡೂ ಕಡೆ ಬಂದರೆ?" ಅಂದೆ.

"ಬರಲ್ಲ."

"ಬೆಟ್ಟಕ್ಕೆ ಹೇಳಿದ್ದೀರಾ?"

ನಮ್ಮವನು ಸುಮ್ಮನಿರು ಅಂತ ಕಣ್ಣು ಮಾಡಿದ.

ನಾನು ನಿನ್ನೆಯಿಂದ ಊರ ಊಟೆ ಹತ್ತಿರ ಕೂತಿದ್ದೀನಿ. ಪೊಲೋನಾ ಜ್ಗಾನ್ಸಿ ಮುದ್ದೆ, ಹುಳಿಹಾಲು ತಂದುಕೊಡ್ತಾಳೆ. ನೀರು ನೋಡಿ ನೋಡಿ ಕಣ್ಣಿಗೆ ಎಲ್ಲವೂ ಹಸಿರು ಕಾಣ್ತಾ ಇದೆ. ಬರಲಿ ಅಂತ ಬೇಡಿಕೊಳ್ತೀನಿ. ಬೇಡಿಕೊಳ್ಳುವಾಗ, ಇಲ್ಲಿ ಬಂದರೆ ನಿನಗೆ ಇಲ್ಲ ಅನ್ನೋದು ನೆನಪಾಗುತ್ತೆ. ನಡುವೆ ನಿಲ್ಲಿಸಿಬಿಡ್ತೀನಿ.

ಓಜ್ಬಾಲ್ಟ್

~

ಲಾಜೆ
4 ಆಗಸ್ಟ್ 1922

ಅಣ್ಣಾ,

ಇದನ್ನ ಅಂಚೆಗೆ ಹಾಕ್ತಿಲ್ಲ. ನಮ್ಮ ಪಾದ್ರಿಗಳು ರಹದಾರಿ ಮೇಲೆ ನಿಮ್ಮ ಕಡೆ ಬರ್ತಿದ್ದಾರೆ, ಅವರ ಜೇಬಲ್ಲಿ ಬರುತ್ತೆ. ಓದಿ ಸುಟ್ಟುಬಿಡು.

ನೀನೇ ಕಟ್ಟಿದ್ದು ಅಂತ ಬರೆದ ಕಾಗದ ಬಂತು. ಅದಕ್ಕೆ ಎರಡು ದಿನ ಮುಂಚೆ ಹಾಂಜೆ ಬಂದು ಹೇಳಿಯಾಗಿತ್ತು. "ಸಲಿಕೆ ಗುರುತು ನೋಡಿದೆ. ಹೇಳಿದ್ದರೆ ಮುದುಕನ್ನ ಅಲ್ಲಿಂದಲೇ ಕಟ್ಟಿಕೊಂಡು ಹೋಗ್ತಿದ್ದರು. ನೀನು ಅಳ್ತೀಯ ಅಂತ ಬಿಟ್ಟೆ" ಅಂದ. ನಾನು ಅಳಲಿಲ್ಲ. ಬಯ್ಯಿ ಅಂತೀಯ. ಬಯ್ಯೋಕೆ ಕೂತರೆ ಹಾಳೆ ಸಾಲಲ್ಲ. ನನ್ನ ಕರು ಬಾಯಿ ತೆರೆದು ಸತ್ತಾಗ ನೀನು ನನ್ನ ಮಳೆ ವಿಚಾರಿಸ್ತಿದ್ದೆ.

ಸೋಮವಾರ ಬೆಳಿಗ್ಗೆ ಬಟ್ಟೆ ಒಗೆಯೋಕೆ ಮನೆ ಹಿಂದಿನ ಜಿನುಗಿಗೆ ಹೋದೆ. ಬಂಡೆ ಸಂದಿಯಿಂದ ಬೆರಳು ಗಾತ್ರ ಬರುತ್ತಲ್ಲ, ಅದು. ಅದನ್ನ ಯಾರೂ ಊಟೆ ಅಂತ ಬರಕೊಂಡಿಲ್ಲ, ಕಾವಲೂ ಹಾಕಿಲ್ಲ. ಹಾಂಜೆ ಕೆಳಗಿನ ದೊಡ್ಡ ಊಟೆ ಕಾಯೋಕೆ ಹೋಗಿದ್ದ. ಹಾಸಿಗೆ ಹೊದಿಕೆ ನೀರಿಗೆ ಹಾಕಿ, ಎತ್ತಿದೆ. ಹಸಿರು. ಕೈ ನೋಡಿಕೊಂಡೆ, ಕೈ ಹಸಿರು. ತೊಟ್ಟಿ ಪೂರಾ ಹಸಿರು.

ಮೊದಲು ಅನ್ನಿಸಿದ್ದು, ಓಡಿ ಹಾಂಜೆನ ಕರೀಬೇಕು ಅಂತ. ಎರಡು ಹೆಜ್ಜೆ ಇಟ್ಟೆ ಕೂಡ. ಒಂದು ಮಾತು, ಮ್ಲಾಕಾ ನಮ್ಮದು. ಹಾಂಜೆ ಬಿಲ ಮುಚ್ಚಿ ನೀರು ತರ್ತಾನೆ, ದನ ಉಳೀತಾವೆ.

ಆಮೇಲೆ ಪೊಲೋನಾ ನೆನಪಾದಳು. ಹಾಂಜೆಗೆ ರಟ್ಟೆ ಇದೆ, ಎಲ್ಲಾದರೂ ಬದುಕ್ತಾನೆ. ಆ ಹುಡುಗಿಗೆ ಯಾರಿದ್ದಾರೆ, ನೀನು ಮುದುಕ. ಇನ್ನೂ ಒಂದು. ಅಪ್ಪ ನೀರು ಕೊಟ್ಟದ್ದು ನನಗೆ. ಆ ನೀರು ಹಿಡಕೊಂಡು ಅಪ್ಪನ ನೆಲಾನ ನಾನೇ ಕಿತ್ತುಕೊಂಡೆ ಅಂತ ಆಗಬಾರದು.

ತೊಟ್ಟಿ ಬಗ್ಗಿಸಿದೆ. ಮತ್ತೆ ತುಂಬಿತು, ಮತ್ತೆ ಬಗ್ಗಿಸಿದೆ. ಮಧ್ಯಾಹ್ನದವರೆಗೆ ಹಾಗೇ. ಹೊದಿಕೆಗಳನ್ನ ಅಟ್ಟದಲ್ಲಿ ಹುಲ್ಲಿನ ಕೆಳಗೆ ಒಣಗಿಸಿದೆ. ಯಾರಿಗೂ ಹೇಳಿಲ್ಲ. ಮಗನಿಗೂ. ಇವತ್ತಿಗೆ ಹತ್ತು ದಿನ ಮುಗೀತು. ಮ್ಲಾಕಾ ನಿನಗಾಯ್ತು.

ಕೋಪ ಹೋಗಿಲ್ಲ, ಅದು ಬೇರೆ.

ನೇಜಾ

~

ರೋಬ್ನಿಕ್ ಮನೆ
20 ಆಗಸ್ಟ್ 1922

ನೇಜಾ,

ನಿನಗೆ ಬುದ್ಧಿ ಇದೆಯಾ?

ಹೌದು, ಮ್ಲಾಕಾ ನಮಗಾಯ್ತು. ಹದಿನಾಲ್ಕಕ್ಕೆ ಬಂದು ಬಂಡೆ ಏಣಿನ ಮೇಲೆ ಗಡಿಕಲ್ಲು ನೆಟ್ಟು ನಂಬರು ಕೆತ್ತಿದರು. ನಮ್ಮವನು ನನ್ನ ಕೈ ಕುಲುಕಿದ. ನನ್ನ ಹಿಂದೆ ಹದಿನಾರು ದನ ನಾಲಿಗೆ ಹೊರಗೆ ಹಾಕಿ ನಿಂತಿದ್ದವು. ನೀರಿಲ್ಲದ ನೆಲ ಏನಕ್ಕೆ? ಬಿಲ ಮುಚ್ಚೋದು ಈ ಮುದಿ ಸೊಂಟಕ್ಕೆ ಆಗಲ್ಲ ಅಂತ ಕೈಬಿಟ್ಟೆ. ನಾಲ್ಕು ದಿನ ಇಟ್ಟುಕೊಂಡು ದನ ಕೆಳಗೆ ಹೊಡಕೊಂಡು ಬಂದೆ. ಚಳಿಗಾಲದ ಹುಲ್ಲು ಈಗಲೇ ತಿಂತಾ ಇವೆ.

ನೀನು ಒಂದು ಕೂಗು ಹಾಕಿದ್ದರೆ ಮ್ಲಾಕಾ ನಿಮ್ಮದಾಗ್ತಿತ್ತು, ಹಾಂಜೆ ಬಿಲ ಮುಚ್ತಿದ್ದ, ಒಬ್ಬರ ಮನೆ ಆದರೂ ನಿಲ್ತಿತ್ತು. ನಾನು ಕೆಡಿಸಿದ್ದು ಸಾಲದು ಅಂತ ನೀನೂ ಕೆಡಿಸಿದೆ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಅಣ್ಣನಿಗೆ ಉಪಕಾರ ಮಾಡು ಅಂತ ನಿನಗೆ ಯಾರು ಹೇಳಿದರು? ನಾನು ಕೇಳಿದ್ನಾ? ಕಟ್ಟಿದವನು ನಾನು, ಕಳಕೊಳ್ಳೋದು ನಾನೇ ಆಗಬೇಕಿತ್ತು, ಅದು ನ್ಯಾಯ. ಆ ನ್ಯಾಯಾನೂ ನೀನು ಒಗೆದು ಅಟ್ಟಕ್ಕೆ ಹಾಕಿದೆ.

ಕಾಗದ ಸುಡು ಅಂದಿದ್ದೆ. ಸುಟ್ಟಿಲ್ಲ.

ಓಜ್ಬಾಲ್ಟ್

~

ಲಾಜೆ
17 ಸೆಪ್ಟೆಂಬರ್ 1922

ಅಣ್ಣಾ,

ನೀನು ಬರೆದದ್ದು ಸರಿ ಇರಬಹುದು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಯೋಚನೆ ಮಾಡೋಕೆ ನನಗೆ ಸಿಕ್ಕಿದ್ದು ಅಷ್ಟೇ ಹೊತ್ತು. ನಿನಗೆ ಸಿಕ್ಕಿದ್ದು ಎರಡು ತಿಂಗಳು, ಕಟ್ಟೋಕೆ ಮುಂಚೆ.

ಹುಲ್ಲು ಮುಗೀತು. ನಿನ್ನೆ ಹತ್ತು ದನಾನೂ ಮಾರಿಬಿಟ್ಟೆವು. ಬೂದು ಹಸು ಗೇಟು ದಾಟೋಕೆ ಒಲ್ಲೆ ಅಂತು, ಹಾಂಜೆ ಅದರ ಕಿವಿಯಲ್ಲಿ ಏನೋ ಹೇಳಿ ಕರಕೊಂಡು ಹೋದ. ಅವನಿಗೆ ಬೆಲ್ಯಾಕ್ ಪಟ್ಟಣದ ರೈಲು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ನಾನೂ ಜೊತೆಗೆ ಹೋಗ್ತೀನಿ, ಒಂದೇ ಕೋಣೆಯಂತೆ. ಗುರುವಾರ ಗಾಡಿ ಬರುತ್ತೆ. ಮೇಲಿನ ಹುಲ್ಲುಗಾವಲನ್ನ ಯಾರೂ ಕೇಳಲಿಲ್ಲ, ನೀರಿಲ್ಲದ್ದನ್ನ ಯಾರು ಕೇಳ್ತಾರೆ. ಬೀಗ ಹಾಕಿ ಬಿಡ್ತೀವಿ.

ಹೊಸ ವಿಳಾಸ ಗೊತ್ತಾದಾಗ ಬರೀತೀನಿ. ಕಾಲುಚೀಲಗಳನ್ನ ಪಾದ್ರಿಗಳ ಹತ್ತಿರ ಕೊಟ್ಟಿದ್ದೀನಿ. ಮಕ್ಕಳ ಕಾಲು ಅಷ್ಟರಲ್ಲಿ ಬೆಳೆದಿರಬಹುದು.

ನೇಜಾ

~

ಮ್ಲಾಕಾ ಗುಡಿಸಲು
18 ಸೆಪ್ಟೆಂಬರ್ 1922

ತಂಗಿ ನೇಜಾ,

ಯೇಸುವಿಗೆ ಸ್ತೋತ್ರ. ಬರೆದಿದ್ದೀನಿ ನೋಡು.

ನನ್ನ ದನ ಹೋದವು. ಎಂಟನೇ ತಾರೀಕು ಮಾತೆಯ ಹಬ್ಬದ ಸಂತೆಯಲ್ಲಿ ಕೊಟ್ಟೆ, ಮನೆಗೆ ಒಂದು ಹಾಲಿನದು ಇಟ್ಟುಕೊಂಡಿದ್ದೀನಿ. ಪೊಲೋನಾ ಕೆಳಗಿನ ಊರಿನ ಗಿರಣಿಯಲ್ಲಿ ಕೆಲಸ ನೋಡಿಕೊಂಡಳು. ಬಿಡು ಅದನ್ನ.

ದನ ಕೊಟ್ಟ ಮಾರನೇ ದಿನವೇ ಹಾರೆ ಗುದ್ದಲಿ ಹೊತ್ತು ಮೇಲೆ ಬಂದೆ. ಒಬ್ಬನೇ. ಬಿಲಕ್ಕೆ ಮೊದಲು ಮರದ ಬೊಡ್ಡೆ ಇಳಿಸಿದೆ, ಮೇಲೆ ಕಲ್ಲು, ಅದರ ಮೇಲೆ ಕೊಂಬೆ, ಅದರ ಮೇಲೆ ಜೇಡಿಮಣ್ಣು. ಜೇಡಿ ಕೆಳಗಿನ ಗುಂಡಿಯಿಂದ ಬುಟ್ಟಿಯಲ್ಲಿ ಹೊರಬೇಕು. ದಿನಕ್ಕೆ ಮೂವತ್ತು ಬುಟ್ಟಿ, ಸೊಂಟ ಹೇಳಿದ ಹಾಗೆ ಕೇಳಿದರೆ ನಲವತ್ತು. ಮೂರು ಸಲ ನೀರು ಎಲ್ಲಾ ನುಂಗಿತು. ನಾಲ್ಕನೇ ಸಲ ಕಾಲಲ್ಲಿ ತುಳಿದು ತುಳಿದು ಹದ ಮಾಡಿ ಮೆತ್ತಿದೆ.

ಪಹರೆಯವನು ದೂರದ ನೀಶ್ ಊರಿನ ಕಡೆಯವನು, ಅರ್ಧ ಮಾತು ಅವನಿಗೆ ತಿಳಿಯಲ್ಲ, ಅರ್ಧ ನನಗೆ. ಬಂದು ನಿಂತ.

"ಮುದುಕಪ್ಪಾ, ಏನು ಹೂಳ್ತಿದ್ದೀಯ?"

"ನನ್ನ ಬುದ್ಧೀನ."

"ಗಡಿ ನೀರು ಮುಟ್ಟಿದರೆ ಜೈಲು, ಗೊತ್ತಾ?"

"ಜೈಲಲ್ಲಿ ನೀರು ಕೊಡ್ತಾರಾ?"

ತಲೆ ಕೆರಕೊಂಡು ಹೋದ. ಇವತ್ತು ಬೆಳಿಗ್ಗೆ ಮತ್ತೆ ಬಂದಿದ್ದ, ಈ ಸಲ ಮೇಲಿನವನ ಚೀಟಿ ತಗೊಂಡು. ಬುಧವಾರ ಕೆಳಗೆ ಠಾಣೆಗೆ ಹೋಗಬೇಕು. ಹೋಗ್ತೀನಿ. ನಾನೇ ಮಾಡಿದ್ದು ಅಂತ ಹೇಳ್ತೀನಿ, ಜೂನ್‌ದೂ ಸೇರಿಸಿ.

ನಿನ್ನೆ ಮಧ್ಯಾಹ್ನ ಜೇಡಿ ಹಿಡೀತು. ನೀರು ಏರಿತು. ತೆಂಕಲಿಗೂ ಹಾದಿ ಇತ್ತು, ಬಡಗಲಿಗೂ ಇತ್ತು, ಎರಡರ ದಂಡೆಯೂ ಒಂದೇ ಮಟ್ಟ. ನಾನು ಗುದ್ದಲಿ ಹಿಡಕೊಂಡು ನಿಂತಿದ್ದೆ. ಒಂದು ಹೆಂಟೆ ಈ ಕಡೆ ಹಾಕಿದರೆ ನಿನಗೆ, ಆ ಕಡೆ ಹಾಕಿದರೆ ನನಗೆ. ನನಗೆ ಹಾಕಿಕೊಂಡು ಯಾವ ದನಕ್ಕೆ ಕುಡಿಸಲಿ? ನಿಂಗಾದರೂ ಹತ್ತು ಇವೆ. ತೆಂಕಲ ಬಾಯಿಗೆ ಹೆಂಟೆ ಇಟ್ಟು ಮೇಲೆ ನಾನೇ ಕೂತುಬಿಟ್ಟೆ. ನೀರು ಸ್ವಲ್ಪ ಹೊತ್ತು ಅಲ್ಲೇ ತಿರುಗಾಡಿತು. ಆಮೇಲೆ ಹೋಯ್ತು, ನಿನ್ನ ಕಡೆ. ಗಡಿಕಲ್ಲಿನ ಪಕ್ಕದಲ್ಲೇ ಹಾದು ಇಳೀತು. ಕತ್ತಲಾಗೋವರೆಗೂ ಅದರ ಸದ್ದು ಕೇಳ್ತಾ ಕೂತಿದ್ದೆ.

ಈ ಕಾಗದ ನಿನಗೆ ಮುಟ್ಟೋ ಹೊತ್ತಿಗೆ ನೀರು ಮುಟ್ಟಿ ಹದಿನೈದು ದಿನ ಆಗಿರುತ್ತೆ. ಆದರೂ ಹೇಳ್ತೀನಿ. ಮೊದಲ ಎರಡು ದಿನ ಜೇಡಿ ಕದಡಿ ಕೆಂಪಗೆ ಬರುತ್ತೆ. ಅದನ್ನ ಕುಡಿಸಬೇಡ, ಹೊಟ್ಟೆ ಕಟ್ಟುತ್ತೆ. ದನಗಳು ವಾಸನೆ ಹಿಡಿದು ನುಗ್ತಾವೆ, ಹಾಂಜೆಗೆ ಹೇಳು, ಬಾನಿಗೆ ಅಡ್ಡ ನಿಂತು ಹಿಡಕೊಳ್ಳಲಿ. ತಿಳಿಯಾದ ಮೇಲೆ ಒಂದೊಂದಾಗಿ ಬಿಡಿ.

ಓಜ್ಬಾಲ್ಟ್